ಕೆಂಪು ಬಳಿಯುವ ಮೊದಲು

ಫಿಟ್ಟರ್ ಸ್ಕ್ರೂಡ್ರೈವರ್ ತೂರಿಸಿ ಕೆಂಪು ಪೇಂಟಿನ ಡಬ್ಬದ ಮುಚ್ಚಳ ಎಬ್ಬಿಸುತ್ತಿದ್ದ. ಸತ್ತ ಗೆಳೆಯನ ಮಗಳು ಹಿಂದಿನ ಕೋಣೆಗೆ ಬಂದವಳೇ ಮುಚ್ಚಳದ ಮೇಲೆ ಕೈ ಇಟ್ಟಳು. ಮುಂದಿನ ಕೋಣೆಯಲ್ಲಿ ಅವಳ ಅಪ್ಪನನ್ನು ಮಲಗಿಸಿದ್ದರು. ನಾಲ್ಕು ಗಂಟೆಗೆ ಸ್ಮಶಾನಕ್ಕೆ ಹೊರಡಬೇಕಿತ್ತು. ಇಲ್ಲಿ ಮೇಜಿನ ಮೇಲೆ ಅವನು ಕೊನೆಯದಾಗಿ ಕಟ್ಟಿದ ಮಾದರಿ ವಿಮಾನ, ಮೈಗೆಲ್ಲ ಎಪಾಕ್ಸಿ ಎಂಬ ಗಟ್ಟಿ ಅಂಟು ಬಳಿಸಿಕೊಂಡು ಗಾಜಿನಂತೆ ಹೊಳೆಯುತ್ತಿತ್ತು. ಬಣ್ಣ ಇನ್ನೂ ಹಚ್ಚಿರಲಿಲ್ಲ.

“ಅವನಿಗೆ ಕೆಂಪು ಅಂದ್ರೆ ಪ್ರಾಣ ಕಣಮ್ಮ,” ಎಂದ ಫಿಟ್ಟರ್. “ಎರಡು ಕೈ ಬಣ್ಣ ಎಳೆದುಬಿಡ್ತೀನಿ. ಪಕ್ಕದಲ್ಲಿಟ್ಟು ಕಳಿಸೋಣ.”

“ಬೇಡ ಮಾಮ. ಇದನ್ನ ತೊಳೆದಿಲ್ಲ, ಉಜ್ಜಿಲ್ಲ, ಪ್ರೈಮರ್ ಹಾಕಿಲ್ಲ. ಬಣ್ಣ ನಿಲ್ಲಲ್ಲ.”

“ಸುಡೋಕೆ ಹೋಗೋದರ ಮೇಲೆ ಎಷ್ಟು ದಿನ ನಿಲ್ಲಬೇಕು?”

ಅವಳು ಮುಚ್ಚಳದ ಮೇಲಿನ ಕೈ ತೆಗೆಯಲಿಲ್ಲ.

ಅಪ್ಪ, ಫಿಟ್ಟರ್ ಇಬ್ಬರೂ ಮೂವತ್ತು ವರ್ಷ ಒಂದೇ ಬಸ್ ಡಿಪೋದಲ್ಲಿ ದುಡಿದವರು. ಬೆಳಗಾಗುವುದರೊಳಗೆ ಬಸ್ಸು ರಸ್ತೆಗಿಳಿಯಬೇಕು, ಹಾಗಾಗಿ ಅಪ್ಪ ಅಲ್ಲಿ ತುಕ್ಕಿನ ಮೇಲೆಯೇ ಬಣ್ಣ ಬಳಿದು ಹಲ್ಲು ಕಚ್ಚಿಕೊಂಡು ಬರುತ್ತಿದ್ದ. ಆ ಸಿಟ್ಟನ್ನೆಲ್ಲ ಮನೆಯ ವಿಮಾನಗಳ ಮೇಲೆ ತೀರಿಸಿಕೊಳ್ಳುತ್ತಿದ್ದ, ಒಂದೊಂದಕ್ಕೆ ತಿಂಗಳುಗಟ್ಟಲೆ. ಒಣಗಿತೇ ಎಂದು ಯಾರು ಕೇಳಿದರೂ “ನಾಳೆ ನೋಡೋಣ” ಎನ್ನುತ್ತಿದ್ದುದರಿಂದ ಗೆಳೆಯರು ಅವನಿಗೆ ನಾಳೆಯಪ್ಪ ಎಂದೇ ಹೆಸರಿಟ್ಟಿದ್ದರು. ಎಲ್ಲದಕ್ಕೂ ನಾಳೆ ಅಂದವನು ಇದೊಂದಕ್ಕೆ ಅವಸರ ಮಾಡಿದ ಎಂದು ಹೊರಗೆ ಕೂತವರು ನಕ್ಕು, ಕಣ್ಣೊರೆಸಿಕೊಳ್ಳುತ್ತಿದ್ದರು.

*

ಹಿಂದೊಮ್ಮೆಯೂ ಅವನು ಅವಸರ ಮಾಡಿದ್ದುಂಟು. ತನಗೆ ಹತ್ತು ತುಂಬಿದ ದಿನವೇ ವಿಮಾನ ಹಾರಿಸಬೇಕೆಂದು ಮಗಳು ರಚ್ಚೆ ಹಿಡಿದಾಗ, ಎಪಾಕ್ಸಿಯ ಮೇಲೆ ನೇರವಾಗಿ ಕೆಂಪು ಬಳಿದುಬಿಟ್ಟಿದ್ದ. ವಿಮಾನ ಚೆನ್ನಾಗಿಯೇ ಹಾರಿತು. ಇಳಿದ ಮೇಲೆ ಅವಳು ಮುದ್ದಿನಿಂದ ಮೈ ಸವರಿದರೆ ಬಣ್ಣ ಸಿಪ್ಪೆಯಂತೆ ಎದ್ದು ಅಂಗೈಗೆ ಬಂತು. ಮೈದಾನದ ತುಂಬ ಜನ ನೋಡುತ್ತಿದ್ದರು.

ಅಪ್ಪ ಬೈಯಲಿಲ್ಲ. ಮರುದಿನದಿಂದ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡ. ಎಪಾಕ್ಸಿ ಗಟ್ಟಿಯಾಗುವಾಗ ಮೇಲೆ ಮೇಣದಂಥ ಜಿಡ್ಡು ಕೂರುತ್ತದೆ, ಅದನ್ನು ಮೊದಲು ನೀರಿನಲ್ಲಿ ತೊಳೆಯಬೇಕೆಂದು ತೋರಿಸಿದ. ಕೆಂಪಿಗೆ ಅಡಿಬಣ್ಣವಾಗಿ ಬಿಳಿ ಪ್ರೈಮರೇ ಸರಿ, ಬೂದು ಹಾಕಿದರೆ ಹಳೇ ಇಟ್ಟಿಗೆಯ ಹಾಗೆ ಕಾಣುತ್ತದೆ ಎಂದ. ಆದರೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಮರಳುಕಾಗದದಿಂದ ಉಜ್ಜುವುದೇ.

“ಹೊಳೆಯೋ ಕಡೆ ಬಣ್ಣಕ್ಕೆ ಹಿಡ್ಕೊಳ್ಳೋಕೆ ಏನೂ ಸಿಗಲ್ಲ ಪುಟ್ಟಿ. ಎಲ್ಲೂ ಹೊಳಪು ಉಳಿಸಬಾರದು.”

ಅವಳಿಗೆ ಆಗ ಬೇಸರ ಬಂದಿತ್ತು. ಇಷ್ಟು ತಾಳ್ಮೆಯ ಮನುಷ್ಯ ಇನ್ನೊಬ್ಬನಿಲ್ಲ ಎಂದು ತಿಳಿಯಲು ಅವಳೂ ಹತ್ತಾರು ಕಡೆ ಕೆಲಸ ಮಾಡಬೇಕಾಯಿತು.

*

ವಿಮಾನ ಅಪ್ಪನ ಜೊತೆ ಹೋಗಲಿಲ್ಲ. ಸ್ಮಶಾನದ ದಾರಿಯುದ್ದಕ್ಕೂ ಫಿಟ್ಟರ್ ಅವಳಿಂದ ದೂರವೇ ನಡೆದ. ಅಪ್ಪನ ಕೊನೆಯ ಕೆಂಪನ್ನು ತಾನೇ ತಪ್ಪಿಸಿದೆನೇನೋ ಎಂದು ಅವಳಿಗೂ ಅನ್ನಿಸಿತು. ಮನೆಗೆ ಬಂದವಳು ಸುಮ್ಮನೆ ಕೂರಲಾರದೆ ರೆಕ್ಕೆ ತೊಳೆದು, ಮರಳುಕಾಗದ ನೆನೆಸಿ ಉಜ್ಜಲು ಶುರುಮಾಡಿದಳು. ಡಬ್ಬ ಒಯ್ಯಲು ಬಂದ ಫಿಟ್ಟರ್ ಬಾಗಿಲಲ್ಲಿ ನಿಂತು ನೋಡಿದ. ಆಮೇಲೆ ಬಂದು ರೆಕ್ಕೆಯ ಇನ್ನೊಂದು ತುದಿ ಹಿಡಿದುಕೊಂಡ.

ಅರ್ಧ ರೆಕ್ಕೆ ಮಂಕಾದ ಮೇಲೆ ಅಂಚಿನಲ್ಲೊಂದು ಕಲೆ ಕಾಣಿಸಿತು. ಬಟ್ಟೆಯಲ್ಲಿ ಒರೆಸಿದಳು, ಹೋಗಲಿಲ್ಲ. ಬಗ್ಗಿ ನೋಡಿದರೆ ಹೆಬ್ಬೆರಳಿನ ಗುರುತು. ಒಣಗಿತೇ ಎಂದು ಅಪ್ಪ ಒತ್ತಿ ನೋಡಿದ್ದು, ಗೆರೆ ಗೆರೆಯೂ ಎಪಾಕ್ಸಿಯೊಳಗೆ ಗಟ್ಟಿಯಾಗಿ ಹೊಳೆಯುತ್ತಿತ್ತು.

ಫಿಟ್ಟರೂ ಬಗ್ಗಿ ನೋಡಿದ. “ಅದೊಂದು ಇರಲಿ ಬಿಡಮ್ಮ.”

ಅವಳ ಮೂಗಿನ ತುದಿಯಿಂದ ಕಣ್ಣೀರು ರೆಕ್ಕೆಯ ಮೇಲೆ ಬಿತ್ತು.

“ಅಲ್ಲಿಂದಲೇ ಬಣ್ಣ ಏಳುತ್ತೆ ಮಾಮ.”

ಕಾಗದವನ್ನು ಮತ್ತೆ ನೀರಿಗೆ ಅದ್ದಿ, ಆ ಗೆರೆಗಳ ಮೇಲಿಟ್ಟು ಉಜ್ಜಿದಳು. ಹಾಲಿನಂಥ ಬಿಳಿ ನೀರು ರೆಕ್ಕೆಯಿಂದ ಇಳಿಯತೊಡಗಿತು. ರೆಕ್ಕೆ ಅಲುಗದ ಹಾಗೆ ಫಿಟ್ಟರ್ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನಿಂತ.