ಗೇಟಿನ ಮುಂದಿನ ಚಪ್ಪಡಿ

ಸೋಮವಾರ ಎಂಟಕ್ಕೆಲ್ಲ ವಾರ್ಡ್ ಕಚೇರಿಯ ಬೆಂಚು ತುಂಬಿತ್ತು. ನಲ್ಲಿಯಲ್ಲಿ ನೀರಿಲ್ಲ, ಕಸದ ಗಾಡಿ ಬಂದಿಲ್ಲ, ಪಕ್ಕದ ಮನೆಯ ನಾಯಿ ಮಲಗಲು ಬಿಡುವುದಿಲ್ಲ. ಕೌನ್ಸಿಲರು ಪ್ರತಿ ದೂರನ್ನೂ ಒಂದು ಚೀಟಿಯಲ್ಲಿ ಬರೆದು ಮೇಜಿನ ಮೇಲಿನ ಕಬ್ಬಿಣದ ಕಡ್ಡಿಗೆ ಚುಚ್ಚಿದಳು. ಚೀಟಿ ಬಂದ ಸಾಲಿನಲ್ಲೇ ಕೆಲಸ. ಮುಖ ನೋಡಿ ಮಣೆ ಹಾಕುವವಳಲ್ಲ. ಬೀದಿಯವರು ಇಟ್ಟ ಹೆಸರೇ ಚೀಟಿಯಕ್ಕ.

ಒಂದು ಚೀಟಿ ಮಾತ್ರ ಈ ನೇಮಕ್ಕೆ ಹೊರತು. ಅವಳ ಮನೆಯ ಗೇಟಿನ ಮುಂದೆ ಚರಂಡಿಯ ಚಪ್ಪಡಿ ಮುರಿದು ಆರು ವಾರವಾಗಿತ್ತು. ಆ ಚೀಟಿಯ ಸರದಿ ಬಂದಾಗಲೆಲ್ಲ ಕಿತ್ತು ಮತ್ತೆ ಕಡೆಗೆ ಚುಚ್ಚುತ್ತಿದ್ದಳು. ತನ್ನ ಮನೆಯದನ್ನು ಮೊದಲು ಮಾಡಿಕೊಂಡಳು ಅನ್ನಿಸಿಕೊಳ್ಳುವುದು ಬೇಡ.

ಬುಧವಾರ ಚರಂಡಿ ಮೇಸ್ತ್ರಿ ಬಂದು ತಲೆ ಕೆರೆದುಕೊಂಡ. "ಮೇಡಂ, ಒಂದೇ ಚಪ್ಪಡಿ ಬಂದಿರೋದು. ನಿಮ್ಮನೇದೇ ಸರದಿ. ಹಾಕ್ಬಿಡ್ಲಾ?"

"ಬೇಡಪ್ಪ, ಬೇಕರಿ ಮುಂದೆ ಹಾಕು. ನಮ್ಮನೆ ಗುಂಡಿ ಎಲ್ಲಿಗೂ ಓಡ್ಹೋಗಲ್ಲ."

"ಗುಂಡಿ ಓಡಲ್ಲ, ನಿಜ. ಬಿದ್ದೋರನ್ನ ಎತ್ಕೊಂಡು ನಾವು ಓಡ್ಬೇಕು."

ಅವಳು ನಗಲಿಲ್ಲ. ನಗುವುದಕ್ಕೂ ತ್ರಾಣ ಬೇಕಲ್ಲ. ಗುರುವಾರ ಸಭೆಯಲ್ಲಿ ನಾಲ್ಕು ಗಂಟೆ ಕೂತು ಒಂದು ಬೀದಿದೀಪಕ್ಕೆ ಒಪ್ಪಿಗೆ ಪಡೆದಳು. ಶುಕ್ರವಾರವೆಲ್ಲ ನೀರಿನ ಟ್ಯಾಂಕರಿನ ಹಿಂದೆ ಅಲೆದಳು. ಮನೆಗೆ ಬಂದರೆ, ಕಣ್ಣಿಗೆ ಪೊರೆ ಬಂದ ಅಮ್ಮ ಕಿಟಕಿಯ ಪಕ್ಕದ ಕುರ್ಚಿಯಲ್ಲಿ.

"ಊಟ ಆಯ್ತಾ?"

"ಆಯ್ತು. ನಿಂದು?"

ತಾಯಿ ಮಗಳ ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಶನಿವಾರ ಕಡೆಯದಾಗಿ ಬಂದವಳು ನಾಲ್ಕು ಮನೆ ಆಚೆಯ ಮೇಷ್ಟ್ರ ಸೊಸೆ. ಮೇಷ್ಟ್ರು ಹಾಸಿಗೆ ಹಿಡಿದು ವರ್ಷವಾಗಿತ್ತು. ಆದರೂ ಸಂಜೆ ಆರಕ್ಕೆ ಹಳೆಯ ಕಾವ್ಯದ ಪದ್ಯಗಳನ್ನು ರಾಗವಾಗಿ ಓದುವುದನ್ನು ಬಿಟ್ಟಿರಲಿಲ್ಲ. ಸೊಸೆ ಕೊಟ್ಟ ಚೀಟಿಯಲ್ಲಿ ಅವರದೇ ನಡುಗುವ ಅಕ್ಷರ:

'ಮಾನ್ಯ ಸದಸ್ಯರಿಗೆ. ತಮ್ಮ ಮನೆಯ ಮುಂದಿನ ಚಪ್ಪಡಿ ಮುರಿದ ಕಾರಣ, ನನ್ನ ಓದು ಕೇಳುತ್ತಿದ್ದ ಒಬ್ಬರೇ ಒಬ್ಬರು, ತಮ್ಮ ತಾಯಿಯವರು, ಆರು ವಾರದಿಂದ ಬಂದಿಲ್ಲ. ಗೋಡೆಗೆ ಓದಿ ಹೇಳುತ್ತಿದ್ದೇನೆ. ಗೋಡೆ ತಲೆದೂಗುವುದಿಲ್ಲ.'

"ಅಮ್ಮ ನಿಮ್ಗೆ ಏನೂ ಹೇಳ್ಲಿಲ್ವಾ ಅಕ್ಕಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಕೇಳಿದ್ದರಲ್ಲವೇ ಹೇಳುವುದು? ಊರಿನ ದೂರಿಗೆಲ್ಲ ಕಿವಿಗೊಟ್ಟವಳು. ದೀಪದ ಬುಡದಲ್ಲೇ ಕತ್ತಲು.

ಕಡ್ಡಿಯಲ್ಲಿ ತನ್ನ ಮನೆಯದು ಬಿಟ್ಟು ಹದಿನೇಳು ಚೀಟಿಗಳಿದ್ದವು. ಒಂದು ಗಳಿಗೆ, ಇದನ್ನು ಎಲ್ಲಕ್ಕೂ ಮುಂದೆ ಸೇರಿಸಿಬಿಡಲೇ ಅನ್ನಿಸಿತು. ಇಲ್ಲ, ಹದಿನೆಂಟನೆಯದಾಗಿಯೇ ಚುಚ್ಚಿದಳು. ಆದರೆ ಮನೆಯ ಹಳೆಯ ಚೀಟಿಯನ್ನು ಕಿತ್ತು ಹರಿದು ಹಾಕಿದಳು. ಇದು ಮೇಷ್ಟ್ರ ದೂರು. ಸರದಿ ಬಂದಾಗ ಹಿಂದಕ್ಕೆ ತಳ್ಳುವಂತಿಲ್ಲ.

ಕಚೇರಿಗೆ ಬೀಗ ಹಾಕಿ, ಆರಕ್ಕೆ ಕಾಲು ಗಂಟೆ ಇರುವಾಗಲೇ ಮನೆಗೆ ಬಂದಳು.

"ಏಳಮ್ಮ, ಮೇಷ್ಟ್ರ ಮನೆಗೆ ಹೋಗೋಣ."

"ಚಪ್ಪಡಿ ಹಾಕಿದ್ರಾ?"

"ಇನ್ನೂ ಹದಿನೇಳು ಜನ ಮುಂದಿದಾರೆ. ಅಲ್ಲೀತನಕ ದಿನಾ ಸಂಜೆ ನಾನೇ ಚಪ್ಪಡಿ. ಕೈ ಕೊಡು."

"ನೀನೇ ಬಿರುಕು ಬಿಟ್ಟಿದೀಯ ಕಣೆ," ಎಂದಳು ಅಮ್ಮ. ಆದರೂ ಕೈ ಚಾಚಿದಳು.

ಚರಂಡಿಯ ಎರಡು ಅಂಚಿಗೂ ಒಂದೊಂದು ಕಾಲು ಊರಿ, ಅಮ್ಮನ ಸೊಂಟ ಹಿಡಿದು ದಾಟಿಸಿದಳು. "ನಂಗ್ಯಾಕಮ್ಮ ಹೇಳ್ಲಿಲ್ಲ?"

"ನಿನ್ ಮುಂದೆ ಯಾವಾಗ್ಲೂ ಸಾಲು ಇರತ್ತಲ್ಲ."

ಮೇಷ್ಟ್ರ ಹಾಸಿಗೆಯ ಪಕ್ಕ ಇಬ್ಬರೂ ಕೂತರು. ಅವರ ದನಿ ಸಣ್ಣಗೆ ಶುರುವಾಗಿ ಮೇಲೇರಿತು. ಎರಡನೆಯ ಪದ್ಯಕ್ಕೆ ಅಮ್ಮ ಕಣ್ಣು ಮುಚ್ಚಿ ತಲೆದೂಗತೊಡಗಿದಳು. ಮೂರನೆಯದಕ್ಕೆ ಮಗಳ ತಲೆಯೂ ತೂಗಿತು.

"ಇವತ್ತು ಇಬ್ರು!" ಎಂದು ಮೇಷ್ಟ್ರು ಹಿಗ್ಗಿದರು.

ಅದು ನಿದ್ದೆ ಎಂದು ಅಮ್ಮ ಹೇಳಲಿಲ್ಲ. ಮಗಳ ತಲೆಯನ್ನು ಮೆಲ್ಲಗೆ ತನ್ನ ಹೆಗಲಿಗೆ ಒರಗಿಸಿಕೊಂಡು, "ಮುಂದಕ್ಕೆ ಓದಿ, ಮೇಷ್ಟ್ರೆ," ಎಂದಳು.