ಚಿಪ್ಪಿನ ಅಂಚು ಉಜ್ಜಿದವಳು

ತಪ್ಪು ಮಾಡಿದ್ದು ನಾನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ರುದ್ರವ್ವ ಜಾರಿಕೊಂಡಳು ಅನ್ನಬಾರದು. ಆದರೆ ನಾನು ಮಾಡಿದ ತಪ್ಪೇ ಬೇರೆ, ಮನೋಹರ ಸರ್ ಕಾಗದದಲ್ಲಿ ಬರೆಸಿದ ತಪ್ಪೇ ಬೇರೆ. ಆ ಕಾಗದ ನೆನಪಾದರೆ ಈಗಲೂ ಮೈ ಉರಿಯುತ್ತದೆ.

ನಾವು ಶಹಾಬಾದ್ ಕಡೆಯವರು. ಪುಣೆಯ ಎಷ್ಟೋ ಹಳೇ ಮನೆಗಳ ನೆಲಕ್ಕೆ ಹಾಸಿದ್ದು ನಮ್ಮ ಕಡೆಯ ಫರಸಿ ಕಲ್ಲು. ಅಪ್ಪ ಆ ಕಲ್ಲಿಗೆ ಪಾಲಿಶ್ ಹಿಡಿಯಲು ಬಂದು ಪುಣೆಯ ಕೋಥರೂಡದಲ್ಲೇ ಉಳಿದ, ನನಗೂ ಆ ಕೆಲಸ ಕಲಿಸಿದ. ನಮ್ಮ ಕಸುಬಿನಲ್ಲಿ ಕಲ್ಲಿನ ಮುಖ ಎಷ್ಟೇ ಹೊಳೆಯಲಿ, ಅಂಚು ಒರಟಾಗಿದ್ದರೆ ಮೇಸ್ತ್ರಿ ಕಲ್ಲನ್ನು ಹಿಂದಕ್ಕೆ ಕಳಿಸುತ್ತಾನೆ. "ಅಂಚು ಬಿಟ್ಟಾಂವ ಕೆಲಸಗಳ್ಳ" ಅನ್ನುತ್ತಿದ್ದ ಅಪ್ಪ.

ಈ ಕೈ ನೋಡಿಯೇ ಮನೋಹರ ಸರ್ ನನ್ನನ್ನು ಶಿವಾಜಿನಗರದ ತಮ್ಮ ಪ್ರಯೋಗಾಲಯಕ್ಕೆ ಕರೆದದ್ದು. ಅವರು ಬೆಳಗಾವಿ ಕಡೆಯವರು, ಸಾವಿರಾರು ವರ್ಷ ಹಿಂದಿನ ಜನ ಹೇಗೆ ಬದುಕಿದ್ದರು ಅಂತ ಸಂಶೋಧನೆ ಮಾಡುವವರು. ಕೊಂಕಣದ ಕಡಲ ದಂಡೆಯಲ್ಲಿ ಒಂದು ದಿಬ್ಬ ಅಗೆಸಿದ್ದರು. ಆ ಕಾಲದವರು ತಿಂದು ಎಸೆದ ಕಪ್ಪೆಚಿಪ್ಪಿನ ದಿಬ್ಬ ಅದು. ಒಂದೊಂದು ಚಿಪ್ಪನ್ನೂ ನಡುವೆ ಕೊಯ್ದು, ಒಂದು ಹೋಳಿನ ಮುಖ ಉಜ್ಜಿ, ಗಾಜಿಗೆ ಅಂಟಿಸುವುದು ನನ್ನ ಕೆಲಸ. "ಕನ್ನಡಿ ಹಾಂಗ ಹೊಳಿಬೇಕು ನೋಡು, ರುದ್ರವ್ವ" ಅಂದರು. ಅಂದದ್ದು ಅಷ್ಟೇ. ಯಾಕೆ ಕೊಯ್ಯುವುದು, ಒಳಗೆ ಏನು ನೋಡುವುದು, ಒಂದು ಮಾತಿಲ್ಲ.

ನಾನು ಹೊಳೆಸಿದೆ. ಮುಖವನ್ನೂ ಹೊಳೆಸಿದೆ, ಅಂಚನ್ನೂ ದುಂಡಗೆ ತೀಡಿದೆ. ಹನ್ನೊಂದು ತಿಂಗಳಲ್ಲಿ ಮುನ್ನೂರಾ ಹನ್ನೆರಡು ಚಿಪ್ಪು. ಸರ್ ಶಭಾಷ್ ಅಂದರು, ಬಂದವರಿಗೆಲ್ಲ ತೋರಿಸಿದರು. ಆಮೇಲೆ ಅವರ ಲೇಖನ ವಿದೇಶದ ಪತ್ರಿಕೆಯಲ್ಲಿ ಬಂತು. ಆ ಜನ ಬೇಸಿಗೆಯಲ್ಲಿ ಮಾತ್ರ ಕಡಲಿಗೆ ಇಳಿದು ಚಿಪ್ಪು ಹಿಡಿಯುತ್ತಿದ್ದರು, ಮಳೆ ಹಿಡಿಯುವ ಮೊದಲೇ ಘಟ್ಟ ಹತ್ತಿ ಹೋಗಿಬಿಡುತ್ತಿದ್ದರು ಅಂತ. ಎಲ್ಲರಿಗೂ ಪೇಢೆ ಹಂಚಿದರು. ನಾನೂ ಒಂದು ತಿಂದೆ.

ಜೂನ್‌ನಲ್ಲಿ ವಿದೇಶದ ಒಬ್ಬ ವಿದ್ವಾಂಸ ಪತ್ರ ಬರೆದ. ನಿಮ್ಮ ಫೋಟೋಗಳಲ್ಲಿ ಒಂದು ಚಿಪ್ಪಿಗೂ ಅದರ ಸ್ವಂತ ಅಂಚು ಕಾಣುವುದಿಲ್ಲವಲ್ಲ, ಯಾಕೆ ಅಂತ ಕೇಳಿದ್ದ.

ಸರ್ ಕೈಕೆಳಗೆ ಪಿಎಚ್.ಡಿ. ಮಾಡುವ ಸೊಲ್ಲಾಪುರದ ಹುಡುಗಿ ನೀಲಿಮಾ ಅವತ್ತು ನನ್ನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. "ಮಾವಶಿ, ಚಿಪ್ಪು ಬೆಳಿಯೂ ಮುಂದ ಗೆರಿ ಹಾಕ್ಕೋತ ಹೋಗ್ತದ. ಬ್ಯಾಸಿಗಿ ಗೆರಿ ಅಗಲ ಇರ್ತಾವ. ಮಳಿ ನೀರು ಬಂದು ಉಪ್ಪು ಕಮ್ಮಿ ಆದ್ರ ಬೆಳವಣಿಗಿ ನಿಂತು ಒಂದು ಕಪ್ಪು ಗೆರಿ ಬೀಳ್ತದ. ಅಂಚಿನಾಗ ಯಾವ ಗೆರಿ ಅದನೋ, ಆ ಕಾಲದಾಗ ಅದನ್ನ ಹಿಡದು ತಿಂದಾರ ಅಂತ ಅರ್ಥ. ನೀವು ಅಂಚು ತೀಡಿದ್ರಿ, ಕೊನಿ ಗೆರಿ ಹೋತು. ಅದರ ಹಿಂದಿನ ಬ್ಯಾಸಿಗಿ ಗೆರಿನ ಕೊನಿದು ಅಂತ ಸರ್ ತಿಳ್ಕೊಂಡ್ರು."

"ಮತ್ತ ಮದ್ಲ ಯಾಕ ಹೇಳಲಿಲ್ಲವ್ವ?"

ಅವಳು ತಲೆ ತಗ್ಗಿಸಿದಳು. "ನಾ ಬಂದಾಗ ಎಲ್ಲಾ ಹಿಂಗ ಇದ್ವು. ಹಿಂಗ ಇರ್ತಾವ ಅಂದ್ಕೊಂಡೆ."

ಅರ್ಧ ನಿಮಿಷದ ಮಾತು. ಹನ್ನೊಂದು ತಿಂಗಳಲ್ಲಿ ಆ ಅರ್ಧ ನಿಮಿಷ ಯಾರಿಗೂ ಸಿಗಲಿಲ್ಲ. ಉಜ್ಜುವ ಹೆಂಗಸಿಗೆ ಯಾಕೆ ಹೇಳಬೇಕು, ಅವಳಿಗೇನು ತಿಳಿಯುತ್ತದೆ? ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಆದರೆ ಕಲ್ಲಿನ ಕೆಲಸದವರು ತುಂಡು ಎಸೆಯುವುದಿಲ್ಲ. ಒಂದು ಒಡೆದರೆ ಜೋಡಿ ಬೇಕಾಗುತ್ತದೆ ಅಂತ ಪ್ರತಿ ಚಿಪ್ಪಿನ ಇನ್ನೊಂದು ಹೋಳನ್ನು ನಂಬರು ಹಾಕಿ ಡಬ್ಬಿಯಲ್ಲಿಟ್ಟಿದ್ದೆ. ಅವುಗಳ ಅಂಚು ಹಾಗೇ ಇತ್ತು. ಇಪ್ಪತ್ತು ಹೋಳು ತೆಗೆದು ಮುಖ ಮಾತ್ರ ಉಜ್ಜಿದೆ. ಅಂಚು ಬಿಡಲು ಕೈ ಒಪ್ಪಲೇ ಇಲ್ಲ, ಬೈದು ಒಪ್ಪಿಸಿದೆ. ನೀಲಿಮಾ ಒಂದೊಂದನ್ನೂ ಎರಡೆರಡು ಸಲ ನೋಡಿದಳು. ಇಪ್ಪತ್ತರಲ್ಲಿ ಹದಿನೇಳಕ್ಕೆ ಅಂಚಿನಲ್ಲೇ ಕಪ್ಪು ಗೆರೆ ಇತ್ತು.

ಅಂದರೆ ಮಳೆಗಾಲ. ಆ ಜನ ಎಲ್ಲಿಗೂ ಹೋಗಿರಲಿಲ್ಲ. ನನಗೇನೂ ಆಶ್ಚರ್ಯವಾಗಲಿಲ್ಲ. ಮಳೆ ಹಿಡಿದು ಸೈಟಿನ ಕೆಲಸ ನಿಂತು ಅಪ್ಪ ಮನೆಯಲ್ಲಿ ಕೂತಾಗ, ನಮ್ಮವ್ವ ನೆನೆದುಕೊಂಡೇ ಹೋಗಿ ನಾಲ್ಕು ಮನೆ ಮುಸುರೆ ತಿಕ್ಕಿ ಬಂದು ಒಲೆ ಹಚ್ಚುತ್ತಿದ್ದಳು. ದೋಣಿ ಇಳಿಯದ ದಿನಗಳಲ್ಲಿ ಕೆಸರಿಗೆ ಕೈ ಹಾಕಿ ಚಿಪ್ಪು ಹೆಕ್ಕಿದವರೂ ಅಂಥವರೇ ಇರಬೇಕು. ಸರ್ ಒಂದು ಲೇಖನ ಬರೆದು ಅವರನ್ನೆಲ್ಲ ಘಟ್ಟ ಹತ್ತಿಸಿಬಿಟ್ಟಿದ್ದರು.

ನೀಲಿಮಾ ಹೋಗಿ ಸರ್‌ಗೆ ಎಲ್ಲ ಹೇಳಿದಳು. ಅವರು ಡಬ್ಬಿಯ ಕಡೆ ತಿರುಗಿಯೂ ನೋಡಲಿಲ್ಲ. ಮರುದಿನ ನನ್ನನ್ನು ಕೋಣೆಗೆ ಕರೆದು, ಮರಾಠಿಯಲ್ಲಿ ಟೈಪ್ ಮಾಡಿದ ಕಾಗದ ಮುಂದಿಟ್ಟರು. ಮುನ್ಸಿಪಾಲಿಟಿ ಶಾಲೆಯಲ್ಲಿ ಏಳನೇತನಕ ಮರಾಠಿ ಓದಿದವಳು ನಾನು. ರುದ್ರವ್ವ ಎಂಬ ನಾನು ಸೂಚನೆ ಮೀರಿ ನಲವತ್ತು ಚಿಪ್ಪುಗಳ ಅಂಚು ಕೆಡಿಸಿದ್ದೇನೆ, ಉಳಿದವು ಸರಿಯಾಗಿವೆ, ಅಂತ ಅದರಲ್ಲಿತ್ತು.

"ನಲವತ್ತು ಎಲ್ಲಿಂದ ಬಂತ್ರಿ ಸರ?"

"ಅಷ್ಟು ತಗದ್ರೂ ಲೇಖನ ನಿಲ್ತದ. ನಿನ್ನ ನೌಕರಿಗೂ ಧಕ್ಕಿ ಇಲ್ಲ. ನಮ್ಮ ಕಡೆಯಾಕಿ ಅಂತ ಹೇಳಾಕತ್ತೀನಿ, ಸಹಿ ಮಾಡು. ಇಲ್ಲಂದ್ರ ಸೋಮವಾರದಿಂದ ಬರಬ್ಯಾಡ."

ಕೆಲಸ ಹೇಳಿಕೊಡುವಾಗ ನೆನಪಾಗದ ನಮ್ಮ ಕಡೆ ಈಗ ನೆನಪಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವರು ನೆಲವನ್ನೇ ಕರೆದು, ನಾನು ಡೊಂಕು ಅಂತ ಬರೆದುಕೊಡು ಅನ್ನುತ್ತಿದ್ದರು. ಯಾವ ಸೂಚನೆ ಮೀರಿದ್ದೆ ನಾನು? ಕೊಟ್ಟಿದ್ದರಲ್ಲವೇ ಮೀರುವುದು. ಇನ್ನು ಆ ನಲವತ್ತು. ನನ್ನ ಕೈ ದಾಟಿದ ಒಂದು ಚಿಪ್ಪಿಗೂ ಅಂಚು ಉಳಿದಿರಲಿಲ್ಲ, ಅದು ಅವರಿಗೂ ಗೊತ್ತಿತ್ತು. ಆದರೂ ನನ್ನ ಹೆಸರಿನಲ್ಲಿ ಸುಳ್ಳು ಹೇಳಿಸಿ, ಮಳೆಗಾಲದಲ್ಲೂ ದಂಡೆಯಲ್ಲೇ ನಿಂತ ಆ ಜನರನ್ನು ಇನ್ನೊಂದು ಸಲ ಅಳಿಸಲು ಹೊರಟಿದ್ದರು.

ಈ ನೌಕರಿ ಹೋದರೆ ಮತ್ತೆ ಫರಸಿ ಉಜ್ಜಲು ನನ್ನ ಮೊಣಕಾಲು ಒಪ್ಪುವುದಿಲ್ಲ. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಎರಡೂ ಗೊತ್ತಿದ್ದೇ ಪೆನ್ನು ತೆಗೆದುಕೊಂಡೆ.

'ಸೂಚನೆ ಮೀರಿ' ಅನ್ನುವುದನ್ನು ಹೊಡೆದು 'ಯಾರೂ ಹೇಳದೆ ಇದ್ದುದರಿಂದ' ಅಂತ ಬರೆದೆ. ನಲವತ್ತನ್ನು ಹೊಡೆದು ಮುನ್ನೂರಾ ಹನ್ನೆರಡು ಮಾಡಿದೆ. 'ಉಳಿದವು ಸರಿಯಾಗಿವೆ' ಅನ್ನುವ ಕಡೆ, ಉಳಿದದ್ದು ಒಂದೂ ಇಲ್ಲ, ಅಂಚಿರುವ ಹೋಳುಗಳು ಡಬ್ಬಿಯಲ್ಲಿವೆ, ಯಾರು ಬೇಕಾದರೂ ನೋಡಬಹುದು, ಅಂತ ಬರೆದು ಸಹಿ ಹಾಕಿದೆ. ಕಾಗದವನ್ನು ಸರ್ ಕೈಗೆ ಕೊಡಲಿಲ್ಲ. ಅವರು ಕುರ್ಚಿಯಿಂದ ಏಳುವುದರೊಳಗೆ ಕೆಳಗಿನ ಆಫೀಸಿಗೆ ಹೋಗಿ ಗುಮಾಸ್ತನ ಮುಂದಿಟ್ಟು, ದಾಖಲೆಗೆ ಸೇರುವಂತೆ ಆಫೀಸಿನ ಮೊಹರು, ಸಿಕ್ಕಾ ಹೊಡೆಸಿದೆ.

ಸರ್ ಏದುಸಿರು ಬಿಡುತ್ತ ಮೆಟ್ಟಿಲಿಳಿದು ಬಂದರು. ಸಿಕ್ಕಾ ನೋಡಿದರು. ನೌಕರಿ ಹೋಯಿತು ಅಂತ ಅವರ ಮುಖ ನೋಡಿಯೇ ತಿಳಿಯಿತು.

"ಹುಚ್ಚಿಯೇನ ನೀ? ನಲವತ್ತಕ್ಕ ಮುಗೀತಿತ್ತು. ಎಲ್ಲಾ ತಪ್ಪು ನಿನ್ನ ಮ್ಯಾಲ ನೀನ ಹೊತ್ಕೊಂಡಿ."

"ಹೌದ್ರಿ ಸರ. ತಪ್ಪು ನಂದದ, ಪೂರಾ ನನಗ ಇರ್ಲಿ" ಅಂದೆ. "ಅದರಾಗ ನಲವತ್ತು ನನಗ ಕೊಟ್ಟು, ಮಿಕ್ಕಿದ್ದು ಸರಿ ಅದ ಅಂತ ನೀವು ಇಟ್ಕೊಂಡು ದೊಡ್ಡವರಾಗಬ್ಯಾಡ್ರಿ."