ಮಸ್ತೂರಾಳ ಕೈಯ ಶಾಯಿ

ಕಿಟಕಿಯ ಮೊಳೆಗೆ ಎರಡನೆಯ ಕಂಬಳಿಯನ್ನು ಸಿಕ್ಕಿಸುತ್ತಿದ್ದಾಗ ನಾಸ್ರಾಳ ಕಾಲಡಿಯ ಸ್ಟೂಲು ಅಲುಗಿತು. ಕೆಳಗೆ ನಿಂತಿದ್ದ ಚಿಕ್ಕಮ್ಮ ಜೈತೂನಿ ಅದನ್ನು ಪಾದದಿಂದ ಒತ್ತಿ ಹಿಡಿದಳು.

"ಬೀಳು, ನೀನೂ ಬೀಳು. ಒಂದೇ ನೀರಿಗೆ ಇಬ್ಬರನ್ನೂ ತೊಳೆದು ಕಳಿಸ್ತೇವೆ."

ಅಳುತ್ತಲೇ ಅಂದಳು. ಬೆಳಗಿನ ಜಾವ ಅಕ್ಕ ಕೊನೆಯುಸಿರು ಬಿಟ್ಟಾಗಿನಿಂದ ಅವಳದು ಹೀಗೆಯೇ. ಅಳುವಿನ ನಡುವೆ ಬೈಗುಳ, ಬೈಗುಳದ ನಡುವೆ ಅಳು.

"ಒಂದು ಸಂದು ಉಳಿದಿದೆ ಚಿಕ್ಕಮ್ಮ. ಬೆಳಕು ಬರ್ತಾ ಉಂಟು."

"ಬರದೆ ಏನಾಗ್ತದೆ? ಮೊಂಬಾಸಾದ ಬಿಸಿಲು ನಿನ್ನ ಕಂಬಳಿಗೆ ಹೆದರ್ತದಾ? ಮಯ್ಯತ್ತು ತೊಳೆಯುವ ಕೋಣೆಯನ್ನು ಕತ್ತಲೆ ಮಾಡುವವರನ್ನು ನಾನು ಈ ಕಡಲತೀರದಲ್ಲೆಲ್ಲೂ ಕಂಡಿಲ್ಲ ಮಾರಾಯ್ತಿ."

ಕೋಣೆಯ ನಡುವೆ ಹಗ್ಗದ ಮಂಚ. ಅದರ ಮೇಲೆ ನಾಸ್ರಾಳ ಅಮ್ಮ ಮಸ್ತೂರಾ, ಕುತ್ತಿಗೆಯಿಂದ ಪಾದದವರೆಗೆ ತನ್ನದೇ ಹಳೆಯ ಹೊದಿಕೆ ಹೊದ್ದು, ಯಾವುದೋ ಪದ್ಯಕ್ಕೆ ಕಿವಿಗೊಟ್ಟವಳಂತೆ ಮಲಗಿದ್ದಳು. ಮಂಚದ ಕೆಳಗೆ, ತೊಳೆದ ನೀರು ಮಣ್ಣಿಗೇ ಇಂಗಲೆಂದು, ನೆಲ ಬಗೆದು ಗುಂಡಿ ತೋಡಿದ್ದರು. ಓಣಿಯ ಹೆಂಗಸರನ್ನೆಲ್ಲ ಕೊನೆಯ ಬಾರಿ ಮೀಯಿಸುವ ಮುದುಕಿ ಬಿ ಕುಲ್ಸುಂ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಬೋರೆ ಎಲೆಯನ್ನು ನೀರಿನಲ್ಲಿ ಕಿವುಚುತ್ತಿದ್ದಳು.

ಹೊರಗಿನ ಜಗುಲಿಯಿಂದ ಮಾವ ಸುವೈದ್ ಕೂಗಿದರು. "ಜೈತೂನೀ, ಎಷ್ಟು ಹೊತ್ತು? ಮಧ್ಯಾಹ್ನದ ನಮಾಜಿಗೆ ಜನಾಜ ಮಸೀದಿ ಮುಟ್ಟಬೇಕು."

"ನಿಮ್ಮ ತಂಗಿ ಜೀವಮಾನವಿಡೀ ನಿಮಗೆ ಚಾ ಕಾಸಿ ಕೊಟ್ಟಳಲ್ಲ ಅಣ್ಣಾ, ಆಗ ಒಂದು ದಿನವಾದರೂ ಹೊತ್ತು ಕೇಳಿದ್ರಾ? ಕೂತ್ಕೊಳ್ಳಿ ಸುಮ್ಮನೆ."

ಜಗುಲಿಯಲ್ಲಿ ಯಾರೋ ನಕ್ಕು, ನಕ್ಕದ್ದು ತಪ್ಪಾಯಿತೆಂದು ಕೆಮ್ಮಿದರು.

ಕೋಣೆ ಕತ್ತಲಾಯಿತು. ನಾಸ್ರಾ ಸ್ಟೂಲಿನಿಂದ ಇಳಿದು, ಗೂಡಿನಲ್ಲಿಟ್ಟಿದ್ದ ಗೇಣುದ್ದದ ನೇರಳೆ ದೀಪವನ್ನು ಕೈಗೆತ್ತಿಕೊಂಡಳು. ಅಚ್ಚುಮನೆಯಲ್ಲಿ ಅಮ್ಮ ಶಾಯಿ ಪರೀಕ್ಷಿಸುತ್ತಿದ್ದ ದೀಪ ಅದು.

ಬಿ ಕುಲ್ಸುಂ ಈಗ ತಲೆಯೆತ್ತಿದಳು. "ಅದು ಯಾಕೆ ಮಗಳೇ?"

"ಅಮ್ಮನಿಗೆ ಮಾತು ಕೊಟ್ಟಿದ್ದೇನೆ ಅಜ್ಜಿ. ಈ ದೀಪ ಹಿಡಿದರೆ ಮೈಮೇಲೆ ಏನೂ ಕಾಣಬಾರದು. ಅಷ್ಟು ಚೊಕ್ಕಟ ಮಾಡಿ ಆಮೇಲೆ ಕಫನ್ ಹೊದಿಸ್ತೇನೆ ಅಂತ."

"ಪೊಲೀಸಿನವರ ಹಾಗೆ ಸತ್ತವಳ ಮೇಲೆ ಟಾರ್ಚು!" ಎಂದಳು ಜೈತೂನಿ. ಆದರೆ ನಾಸ್ರಾ ದೀಪದ ಗುಂಡಿ ಒತ್ತಿದಾಗ ಅವಳೂ ಮಂಚದತ್ತ ಬಾಗಿದಳು.

ಹೊದಿಕೆಯ ಹೊರಗಿದ್ದ ಮಸ್ತೂರಾಳ ಎರಡು ಕೈಗಳು ಹಸಿರಾಗಿ ಹೊತ್ತಿಕೊಂಡವು. ಅಮಾವಾಸ್ಯೆಯ ಕಡಲಲ್ಲಿ ದೋಣಿಯ ಹುಟ್ಟು ಬಿದ್ದಲ್ಲಿ ಹೊಳಪು ಏಳುತ್ತದಲ್ಲ, ಆ ಬಣ್ಣ. ಉಗುರಿನ ಬುಡ, ಬೆರಳ ಗೆಣ್ಣು, ಅಂಗೈಯ ಒಂದೊಂದು ಗೆರೆ, ಎಲ್ಲವೂ ಯಾರೋ ಕೂತು ಬರೆದಂತೆ ಬೆಳಗಿದವು.

*

ಶಾಲೆಗೆ ರಜೆ ಇದ್ದ ಒಂದು ದಿನ ಅಮ್ಮ ನಾಸ್ರಾಳನ್ನು ಅಚ್ಚುಮನೆಗೆ ಕರೆದುಕೊಂಡು ಹೋಗಿದ್ದಳು. ಬಂದರಿನ ಹಿಂದಿನ ಶೆಡ್ಡು. ಔಷಧಿ ಡಬ್ಬಿಗಳ ಚೀಟಿ ಅಚ್ಚಾಗುವ ಜಾಗ. ಮರಗೆಣಸಿನ ಹಿಟ್ಟಿನಂಥ ಬಿಳಿ ಪುಡಿಯನ್ನು ಅಮ್ಮ ಎಣ್ಣೆಯಂಥ ದ್ರವಕ್ಕೆ ಉದುರಿಸಿ ಕಲಸುತ್ತಿದ್ದಳು. ಗಡಿಯಾರ ನೋಡುತ್ತಿರಲಿಲ್ಲ. ಪದ್ಯ ಹೇಳುತ್ತಿದ್ದಳು, ತನ್ನ ಅಜ್ಜಿಯ ಬಾಯಿಂದ ಕಲಿತ ಉದ್ದನೆಯ ಪದ್ಯ. ಅದು ಒಂದು ಸುತ್ತು ಮುಗಿದರೆ ಶಾಯಿ ಹದಕ್ಕೆ ಬರುತ್ತಿತ್ತು. ಮಳೆಗಾಲದ ತೇವಕ್ಕೆ ಇನ್ನೆರಡು ನುಡಿ ಜಾಸ್ತಿ.

*ನೀರು ನಿನ್ನದು, ಮೈಯೂ ನಿನ್ನದು,*
*ನಡುವೆ ನಾನೇನ ತಂದೆನೊ.*

ಮೇಸ್ತ್ರಿ ಕರಿಸಾ ಯಂತ್ರದ ಆಚೆಯಿಂದ ರೇಗಿಸುತ್ತಿದ್ದ. "ಮಸ್ತೂರಾ, ಈ ಪಾಟಿ ಪ್ರಾರ್ಥನೆ ಕುಡಿದ ಶಾಯಿ ಸೀದಾ ಸ್ವರ್ಗಕ್ಕೆ ಹೋಗ್ತದೆ. ನಾವೆಲ್ಲ ಇಲ್ಲೇ ಎಣ್ಣೆ ಒರೆಸ್ತಾ ಉಳೀತೇವೆ."

"ನೀನು ಮೊದಲು ಕೈ ತೊಳಿ, ಸ್ವರ್ಗದ ಮಾತು ಆಮೇಲೆ," ಎಂದಳು ಅಮ್ಮ.

ಆಮೇಲೆ ಮಗಳನ್ನು ಕಪಾಟಿನಷ್ಟು ಚಿಕ್ಕ ಕತ್ತಲೆ ಕೋಣೆಗೆ ಕರೆದೊಯ್ದು, ಒಂದು ಬಿಳಿ ಚೀಟಿಯ ಮೇಲೆ ದೀಪ ಹಿಡಿದಳು. ಏನೂ ಇಲ್ಲದಲ್ಲಿ ಪುಟ್ಟದೊಂದು ತೆಂಗಿನ ಮರ ಎದ್ದು ನಿಂತಿತು.

"ಕಳ್ಳರು ಇಡೀ ಚೀಟಿಯನ್ನು ನಕಲು ಮಾಡ್ತಾರೆ ಮಗೂ. ಈ ಮರ ಮಾಡಲಾರರು. ಅದು ಅವರಿಗೆ ಕಾಣೋದೇ ಇಲ್ಲವಲ್ಲ. ಪಕ್ಕದ ಮನೆ ಸಲೀಮನಿಗೆ ಜ್ವರಕ್ಕೆ ಕೊಟ್ಟದ್ದು ಬರೀ ಸುಣ್ಣದ ಮಾತ್ರೆ. ಅವನು ಉಳೀಲಿಲ್ಲ. ಆ ಡಬ್ಬಿಯಲ್ಲಿ ಮರ ಇರಲಿಲ್ಲ."

ನಾಸ್ರಾ ಮರ ನೋಡುತ್ತಿರಲಿಲ್ಲ. ಚೀಟಿ ಹಿಡಿದ ಬೆರಳುಗಳನ್ನು ನೋಡುತ್ತಿದ್ದಳು. "ಅಮ್ಮಾ!" ಎಂದು ಕುಣಿದಳು. "ನಿನ್ನ ಕೈಯಲ್ಲಿ ಚಂದ್ರ!"

ಅಮ್ಮ ಬಿಸಿ ತಾಗಿದಂತೆ ಕೈ ಎಳೆದುಕೊಂಡಳು. ಅಷ್ಟು ವರ್ಷ ಆ ದೀಪವನ್ನು ಚೀಟಿಗಳ ಮೇಲೆ ಹಿಡಿದವಳು ತನ್ನ ಮೇಲೆ ಹಿಡಿದು ನೋಡಿರಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಅವಳು ಪದ್ಯ ಹೇಳಲಿಲ್ಲ. ಒಂದೇ ಮಾತು ಕೇಳಿದಳು, ಅದೂ ಮಗಳನ್ನಲ್ಲ.

"ಹಾಗಾದರೆ ಇಷ್ಟು ದಿನ ನನ್ನ ನಮಾಜು?"

*

"ಬಿಸ್ಮಿಲ್ಲಾ," ಎಂದು ಬಿ ಕುಲ್ಸುಂ ಮೊದಲ ತಂಬಿಗೆ ಹೊಯ್ದಳು. ನೀರನ್ನು ಮೊದಲು ತನ್ನ ಮೊಣಕೈಗೆ ಬಿಟ್ಟು ಬಿಸಿ ನೋಡಿ, ಆಮೇಲೆ ಬಲಭುಜಕ್ಕೆ. ಜೈತೂನಿ ಹೊದಿಕೆಯ ಮರೆ ಹಿಡಿದಳು. ನಾಸ್ರಾ ಅಮ್ಮನ ಕೈ ತೊಳೆದಳು. ಬೋರೆ ಎಲೆಯ ನೊರೆ, ಸಾಬೂನು, ನಿಂಬೆಹುಳಿ. ಒಂದು ಸಲ ತೊಳೆದು ದೀಪ ಹಿಡಿದಳು. ಹಸಿರು ತೆಳುವಾಗಿತ್ತು, ಹೋಗಿರಲಿಲ್ಲ. ಮತ್ತೊಮ್ಮೆ ತೊಳೆದಳು. ಉಗುರ ಸಂದಿಗಳು ಹಾಗೆಯೇ ಉರಿಯುತ್ತಿದ್ದವು.

"ಸಾಕಲ್ವಾ?" ಜೈತೂನಿ ಕೇಳಿದಳು.

"ಇನ್ನೂ ಉಂಟು."

"ನನಗಂತೂ ಬರೀ ಕೈ ಕಾಣ್ತದೆ. ನಿನ್ನ ದೀಪಕ್ಕೆ ಕಂಡರೆ ಕಾಣಲಿ. ದೇವರು ದೀಪ ಹಿಡ್ಕೊಂಡು ಕೂತಿದ್ದಾನಾ?"

"ಅಮ್ಮ ಹೇಳ್ತಿದ್ದದ್ದೇ ಅದು ಚಿಕ್ಕಮ್ಮ. ಅವನಿಗೆ ದೀಪ ಬೇಡ, ಹಾಗೇ ಕಾಣ್ತದೆ ಅಂತ."

ಬಿ ಕುಲ್ಸುಂ ಕೈ ಒರೆಸಿಕೊಂಡಳು. "ಮದರಂಗಿ ಹಚ್ಚಿದ ಮದುಮಗಳು ನಮಾಜು ಮಾಡೋದಿಲ್ವಾ ಮಗಳೇ? ಉಗುರುಬಣ್ಣ ಆದರೆ ಕೆರೆದು ತೆಗೀಬೇಕು, ಅದು ಪದರ ಕಟ್ತದೆ, ನೀರನ್ನು ಚರ್ಮಕ್ಕೆ ಬಿಡೋದಿಲ್ಲ. ಬಣ್ಣ ಹಾಗಲ್ಲ. ಬಣ್ಣದ ಒಳಗಿಂದ ನೀರು ಹೋಗ್ತದೆ."

"ಮದರಂಗಿ ಕಣ್ಣಿಗೆ ಕಾಣ್ತದೆ ಅಜ್ಜಿ. ಇದು ಪದರವಾ ಬಣ್ಣವಾ ಅಂತ ಹೇಗೆ ಗೊತ್ತಾಗೋದು? ಅವಳು ಅದೇ ಭಯದಲ್ಲಿ ಬದುಕಿದಳು."

ಹಾಗೆಂದು ನಾಸ್ರಾ ಬಕೆಟ್ಟಿನ ಬದಿಯಲ್ಲಿದ್ದ ತೆಂಗಿನ ನಾರನ್ನು ಕೈಗೆ ತೆಗೆದುಕೊಂಡಳು.

*

ನಮಾಜಿಗೆ ಮುಂಚೆ ಮುಖ, ಕೈ, ತಲೆ, ಪಾದಕ್ಕೆ ನೀರು ಮುಟ್ಟಿಸುವ ವುಜೂ ಈ ಶಾಯಿಯ ಮೇಲೆ ಆಗುತ್ತದೆಯೇ ಎಂದು ಅಮ್ಮ ಮೌಲ್ವಿಗಳನ್ನೂ ಕೇಳಿದ್ದಳು. "ಕಾಣದ್ದನ್ನು ಕೆದಕಬೇಡಮ್ಮ, ನಿನ್ನ ವುಜೂ ಆಗ್ತದೆ," ಎಂದು ಅವರು ಪರದೆಯ ಆಚೆಯಿಂದ ಹೇಳಿ ಕಳಿಸಿದ್ದರು. ಮಸ್ತೂರಾ ತಲೆಯಾಡಿಸಿ ಬಂದಳು. ಬಂದವಳು ಹೇಳಿದ್ದಿಷ್ಟು. "ಪಾಪ, ಅವರು ದೀಪದಲ್ಲಿ ನೋಡಿಲ್ಲ."

ಆಮೇಲಿನ ವರ್ಷಗಳೆಲ್ಲ ಹಿತ್ತಿಲ ನಲ್ಲಿಯ ಸದ್ದಿನಲ್ಲಿಯೇ ಕಳೆದವು. ಬಾಂಗು ಕೇಳುವ ಎಷ್ಟೋ ಮೊದಲು ಅಮ್ಮ ಅಲ್ಲಿ ಕೂತು ನಾರಿನಿಂದ ಕೈ ಉಜ್ಜುತ್ತಿದ್ದಳು. ಚರ್ಮ ಒಡೆದು ಕೆಂಪಾಗುತ್ತಿತ್ತು. ಒಡೆದ ಚರ್ಮದಲ್ಲಿ ಮರುದಿನ ಇನ್ನಷ್ಟು ಪುಡಿ ಕೂರುತ್ತಿತ್ತು. ಕೈಗವಸು ತೊಟ್ಟರೂ ಹೊಲಿಗೆಯಲ್ಲಿ ನುಗ್ಗುತ್ತಿತ್ತು. ಮದುವೆಮನೆಗಳಲ್ಲಿ ಹೆಂಗಸರು ಸಾಲಾಗಿ ನಮಾಜಿಗೆ ನಿಂತರೆ ಅವಳು ಹಿಂದಿನ ಸಾಲಿನ ತುದಿಗೆ ಸರಿಯುತ್ತಿದ್ದಳು.

"ಕೆಲಸ ಬಿಟ್ಟುಬಿಡಮ್ಮ. ನಾನು ಹೊಲಿಗೆಯಲ್ಲಿ ಮನೆ ನಡೆಸ್ತೇನೆ," ಎಂದು ನಾಸ್ರಾ ಒಮ್ಮೆ ಜಗಳವಾಡಿದ್ದಳು.

"ನಾನು ಬಿಟ್ಟರೆ ಮರ ಯಾರು ಮಾಡ್ತಾರೆ? ಕರಿಸಾ? ಅವನ ಶಾಯಿ ವಾರದಲ್ಲಿ ಮಂಕಾಗ್ತದೆ." ಅಮ್ಮ ನಗಲು ನೋಡಿದಳು. ನಗು ಅರ್ಧಕ್ಕೇ ನಿಂತಿತು. "ಸಲೀಮನ ಅಮ್ಮ ಇವತ್ತಿಗೂ ನನ್ನ ಕೈ ಹಿಡಿದು ಮಾತಾಡ್ತಾಳೆ ನಾಸ್ರಾ. ಬಿಡು ಅಂತ ನನ್ನ ಹತ್ತಿರ ಹೇಳಬೇಡ. ಒಂದು ಮಾಡು. ನಾನು ಹೋದಾಗ ನೀನೇ ತೊಳಿ. ದೀಪದಲ್ಲಿ ಏನೂ ಕಾಣದ ಹಾಗೆ ತೊಳಿ. ಬದುಕಿರುವಾಗ ಆಗಲಿಲ್ಲ, ಹೋಗುವಾಗಾದರೂ ಬರಿಗೈಯಲ್ಲಿ ಹೋಗ್ತೇನೆ."

ಹೋದ ವಾರದವರೆಗೂ ಅವಳು ಶಾಯಿ ಕಲಸಿದ್ದಳು.

*

ನಾರು ಚರ್ಮದ ಮೇಲೆ ಕರಕರ ಸದ್ದು ಮಾಡಿತು. ನಾಸ್ರಾ ಉಜ್ಜಿದಳು, ದೀಪ ಹಿಡಿದಳು, ಉಜ್ಜಿದಳು. ಹೆಬ್ಬೆರಳ ಬುಡದಲ್ಲಿ ಸತ್ತ ಚರ್ಮ ಕಾಗದದಂತೆ ಎದ್ದುಬಂತು. ಹೊರಗೆ ಮಾವ ಬಾಗಿಲು ತಟ್ಟಿದರು.

ಬಿ ಕುಲ್ಸುಂ ಮುಂದೆ ಬಾಗಿ ನಾಸ್ರಾಳ ಮಣಿಕಟ್ಟು ಹಿಡಿದಳು. ಮುದುಕಿಯ ಹಿಡಿತ ಬಲವಾಗಿತ್ತು.

"ಸತ್ತವರಿಗೂ ನೋವಾಗ್ತದೆ, ಮಗಳೇ."

"ಮಾತು ಕೊಟ್ಟಿದ್ದೇನೆ."

"ನೀರು ಹೊಯ್ಯುವ ಮುಂಚೆ ನಾನು ಯಾಕೆ ನನ್ನ ಮೊಣಕೈ ಮೇಲೆ ನೋಡಿದೆ? ಅವಳಿಗೆ ಬಿಸಿ ತಾಗಬಾರದು ಅಂತ. ನೀನು ನೋಡಿದರೆ ಚರ್ಮ ಸುಲೀತಿದ್ದೀಯ."

ನಾಸ್ರಾ ಕೈ ಬಿಡಿಸಿಕೊಳ್ಳಲು ಎಳೆದಳು. ಎಳೆತಕ್ಕೆ ದೀಪ ಅವಳ ಇನ್ನೊಂದು ಕೈಯಿಂದ ಜಾರಿ ದಿಂಬಿನ ಪಕ್ಕ ಬಿದ್ದು, ಬೆಳಕು ಮಸ್ತೂರಾಳ ಮುಖದ ಮೇಲೆ ಅಡ್ಡಲಾಗಿ ಹರಿಯಿತು.

ಹಣೆಯ ನಡುವೆ ಹಸಿರು.

"ಅಲ್ಲಿ ಹೇಗೆ ಬಂತು?" ಜೈತೂನಿ ಪಿಸುಗುಟ್ಟಿದಳು. "ಅಲ್ಲಿಂದ ಶಾಯಿ ಕಲಸಿದಳಾ?"

ನಾಸ್ರಾ ದೀಪ ಎತ್ತಿಕೊಂಡಳು. ಹಣೆಯಿಂದ ಕೆನ್ನೆಗೆ, ಅಲ್ಲಿಂದ ಗಲ್ಲಕ್ಕೆ, ನವಿರಾದ ಮಂಜಿನಂತೆ ಬೆಳಕು ಹರಡಿತ್ತು. ಒದ್ದೆ ಬೈತಲೆಯಲ್ಲಿ ಒಂದು ಗೆರೆ. ಕೈಗಳಲ್ಲಿ ಮೊಣಕೈಯವರೆಗೆ. ಅಲ್ಲಿಂದ ಮೇಲಕ್ಕೆ ಕತ್ತಲೆ. ಅವಳು ನಿಧಾನವಾಗಿ ಮಂಚದ ತುದಿಗೆ ನಡೆದು ಪಾದಗಳ ಮೇಲೆ ದೀಪ ಹಿಡಿದಳು. ಪಾದಗಳು ಹಿಮ್ಮಡಿಯ ಮೇಲಿನ ಗಂಟಿನವರೆಗೆ ಬೆಳಗಿದವು, ಬೆರಳ ಸಂದಿಗಳು ಕೂಡ. ಗಂಟಿನ ಮೇಲೆ ಏನೂ ಇಲ್ಲ.

ಕಡಲ ಮೇಲಿನ ಗಾಳಿ ಕಂಬಳಿಯನ್ನು ಒಳಕ್ಕೂ ಹೊರಕ್ಕೂ ಎಳೆಯುತ್ತಿತ್ತು. ಕೋಣೆಯೇ ಉಸಿರಾಡಿದಂತಿತ್ತು. ಆ ನೀಲಿಗತ್ತಲಲ್ಲಿ ಮಸ್ತೂರಾ ಮಂಚದ ಮೇಲೆ ಮಲಗಿರಲಿಲ್ಲ, ಬರೀ ಮುಖ, ಕೈ, ಪಾದವಾಗಿ ಎಲ್ಲೋ ತೇಲುತ್ತಿದ್ದಳು.

"ವುಜೂ ಎಲ್ಲೆಲ್ಲಿ ಮಾಡ್ತೇವೋ ಅಲ್ಲಲ್ಲಿ," ಎಂದಳು ಜೈತೂನಿ. ಬೆಳಗಿನಿಂದ ಮೊದಲ ಬಾರಿ ಅವಳ ದನಿಯಲ್ಲಿ ಬೈಗುಳವಿರಲಿಲ್ಲ. "ಆ ಕೈಯಲ್ಲೇ ಅಲ್ವಾ ನೀರು ಸವರಿಕೊಂಡದ್ದು."

ಬಿ ಕುಲ್ಸುಂ ಮಂಚದ ಕಾಲು ಹಿಡಿದು ಮೆಲ್ಲನೆ ಕೂತಳು. ಎಷ್ಟೋ ಹೆಂಗಸರನ್ನು ಮೀಯಿಸಿದ ಅವಳ ಕೈ ಮಡಿಲಲ್ಲಿ ಸುಮ್ಮನಾಯಿತು.

"ಕೊನೆಯ ದಿನ, ಸತ್ತವರೆಲ್ಲ ಎದ್ದು ನಿಲ್ಲುವಾಗ, ಅಷ್ಟು ದೊಡ್ಡ ಜನಜಂಗುಳಿ," ಎಂದಳು, ತನಗೆ ತಾನೇ ಹೇಳಿಕೊಳ್ಳುವಂತೆ. "ಅಲ್ಲಿ ನಮ್ಮವರನ್ನು ಹೇಗೆ ಗುರುತು ಹಿಡಿಯೋದು ಅಂತ ಚಿಕ್ಕವಳಿರುವಾಗ ನನ್ನಜ್ಜಿಯನ್ನು ಕೇಳಿದ್ದೆ. ವುಜೂ ಮಾಡಿದ ಅಂಗ ಬೆಳಗ್ತದೆ ಮಗೂ, ಅದನ್ನು ನೋಡಿ ಹಿಡೀತಾರೆ ಅಂದಳು. ಕೇಳಿದ್ದೆ ಅಷ್ಟೇ. ಕಂಡಿರಲಿಲ್ಲ."

ಬಾಗಿಲ ಮೇಲೆ ಮತ್ತೆ ತಟ್ಟಿದ ಸದ್ದು. "ಬಾಂಗು ಆಗ್ತದೆ ಈಗ!" ಮಾವನ ದನಿ ಒಡೆದಿತ್ತು.

ನಾಸ್ರಾ ಅಮ್ಮನ ಪಾದದ ಬಳಿ ನಿಂತೇ ಇದ್ದಳು. ನಾರು ಅವಳ ಕೈಯಲ್ಲಿ ಹಾಗೆಯೇ ಇತ್ತು. ತೊಳೆದರೆ ಇದೂ ಹೋಗಬೇಕು, ಹಣೆಯದೂ, ಪಾದದ್ದೂ. ಅಮ್ಮ ಕೇಳಿದ್ದು ಅದನ್ನೇ.

ಅವಳು ದೀಪ ಆರಿಸಿದಳು. ಕಿಟಕಿಯ ಬಳಿ ಹೋಗಿ, ಸ್ಟೂಲು ಹತ್ತದೆ, ಎರಡೂ ಕಂಬಳಿಗಳ ಅಂಚು ಸೇರಿಸಿ ಹಿಡಿದು ಜಗ್ಗಿದಳು. ಮೊಳೆ ಸಮೇತ ಕಿತ್ತುಬಂದವು. ಬಿಸಿಲು ಕೋಣೆಯೊಳಗೆ ಸುರಿಯಿತು. ಮಂಚದ ಮೇಲೆ ಒಬ್ಬ ಸಾಮಾನ್ಯ ಹೆಂಗಸು, ಒಡೆದ ಕೈಗಳು, ಒದ್ದೆ ಹಣೆ.

"ಅಮ್ಮಾ, ನಾನು ಮಾತು ತಪ್ಪಿದೆ," ಎಂದಳು ನಾಸ್ರಾ.

ಕರ್ಪೂರ ಕದಡಿದ ಕೊನೆಯ ನೀರನ್ನು ತಾನೇ ಮೊಗೆದಳು. ಮೊದಲು ತನ್ನ ಮೊಣಕೈಗೆ ಬಿಟ್ಟುಕೊಂಡಳು, ಆಮೇಲೆ ಅಮ್ಮನ ಕೈಗೆ.

*

ಮಸ್ತೂರಾಳನ್ನು ಹೊತ್ತ ಜನಾಜ ಎದ್ದಾಗ ಓಣಿ ಕಿರಿದಾಗಿತ್ತು. ಹೆಂಗಸರು ಬಾಗಿಲ ಒಳಗೇ ನಿಂತರು. ಜೈತೂನಿ ಕೆತ್ತನೆಯ ಬಾಗಿಲಿಗೆ ತಲೆಯಾನಿಸಿ, "ಮೆಲ್ಲ ಅಣ್ಣಾ, ಮೆಲ್ಲ, ಅಲ್ಲಿ ಮೆಟ್ಟಿಲು ಉಂಟು," ಎಂದು ಕೂಗುತ್ತಲೇ ಇದ್ದಳು. ಕರಿಸಾ ಅಚ್ಚುಮನೆಯ ನಾಲ್ವರೊಂದಿಗೆ ಬಂದು, ಟೋಪಿ ಕೈಯಲ್ಲಿ ಹಿಡಿದು, ಯಾವ ಕಡೆ ನಿಲ್ಲಬೇಕೆಂದು ತಿಳಿಯದೆ ಗೋಡೆಗೆ ಒತ್ತಿಕೊಂಡಿದ್ದ. ಯಾರೋ ಅವನ ಭುಜ ಹಿಡಿದು ಹೆಗಲು ಕೊಡಿಸಿದರು.

ಇಲ್ಲಿಯ ವಾಡಿಕೆಯಂತೆ ಜನಾಜ ಹೆಗಲಿಂದ ಹೆಗಲಿಗೆ ಹರಿಯುತ್ತ ನಡೆಯಿತು. ಎದುರು ಸಿಕ್ಕವರು ಹೆಸರು ಕೇಳುವುದಿಲ್ಲ, ನಾಲ್ಕು ಹೆಜ್ಜೆ ಹೊತ್ತು ಬಿಡುತ್ತಾರೆ. ಓಣಿಯ ನಡುವೆ ಮೀನಿನ ಬುಟ್ಟಿ ಹೊತ್ತು ಬರುತ್ತಿದ್ದ ಒಬ್ಬ ಅಪರಿಚಿತ, ಬುಟ್ಟಿಯನ್ನು ಗೋಡೆಯ ಬದಿಗಿಳಿಸಿ, ಲುಂಗಿಗೆ ಕೈ ಒರೆಸಿಕೊಂಡಂತೆ ಮಾಡಿ, ಓಡಿಬಂದು ಮಸ್ತೂರಾಳ ತಲೆಯ ಕಡೆಗೆ ಹೆಗಲು ಕೊಟ್ಟ. ಅವನ ಕೈಗಳಿಗೆ ಮೊಣಕೈಯವರೆಗೂ ಮೀನಿನ ಹುರುಪೆ ಅಂಟಿತ್ತು. ಯಾರೂ ಅವನ ಕೈ ನೋಡಲಿಲ್ಲ. ಇನ್ನೊಬ್ಬನಿಗೆ ಹೆಗಲು ಬದಲಿಸುವಾಗ ಕೆಲವು ಹುರುಪೆಗಳು ಜನಾಜದ ಹೊದಿಕೆಗೆ ಅಂಟಿಕೊಂಡು, ಓಣಿಯ ತಿರುವಿನವರೆಗೂ ಬಿಸಿಲಿಗೆ ಮಿನುಗುತ್ತ ಹೋದವು.